ಸಿಟ್ಟು ಕಲಿತು ಬಂದವನು

ಜುಂಜೇಶನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಹಿರಿಯೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತು ಟೀ ಕುಡಿಯುವಾಗಲೂ, ಎದುರು ಗುಡ್ಡದ ಮೇಲಿರುವ ಯಾರನ್ನೋ ಕೂಗಿ ಕರೆಯುವವನಂತೆ ಅವನು ಗಂಟಲೆತ್ತಿಯೇ ಮಾತಾಡುತ್ತಾನೆ. ಟೀಗೆ ಸಕ್ಕರೆ ಕಡಿಮೆಯಾಯಿತು ಎಂಬ ಸಾಮಾನ್ಯ ಮಾತು ಕೂಡ ಅವನ ಬಾಯಿಂದ ಹೊರಬೀಳುವಾಗ ಇಡೀ ಹೋಟೆಲು ತಿರುಗಿ ನೋಡುವಂಥ ಆಪಾದನೆಯಾಗಿಬಿಡುತ್ತದೆ. ಹನ್ನೊಂದು ವರ್ಷ ನಮ್ಮ ಗುಡ್ಡಸಾಲಿನ ಗಾಳಿಯಂತ್ರಗಳ ನೆತ್ತಿಯಲ್ಲಿ ದುಡಿದವನು. ಅಲ್ಲಿ ಪಕ್ಕದವನ ಕೈಯಿಂದ ಒಂದು ಸ್ಪ್ಯಾನರು ಕೇಳಿ ಪಡೆಯಬೇಕಾದರೂ ಗಾಳಿಯೊಡನೆ ಪೈಪೋಟಿಗೆ ಬೀಳಬೇಕು. ಹಾಗೆ ಬೆಳೆದ ಧ್ವನಿ ಅದು. ಮೊದಲೆಲ್ಲ ಅದು ಬರೀ ದೊಡ್ಡ ಧ್ವನಿಯಾಗಿತ್ತು. ಮೆಕ್ಸಿಕೋ ದೇಶದಲ್ಲಿ ಒಂದು ವರ್ಷ ಇದ್ದು ಬಂದ ಮೇಲೆ ಅದರೊಳಗೆ ಸಿಟ್ಟು ಬಂದು ಕೂತಿದೆ.

ನಡಿಗೆಯೂ ಹಾಗೆಯೇ. ಸಮತಟ್ಟಾದ ರಸ್ತೆಯಲ್ಲೂ ಏಣಿ ಹತ್ತುವವನಂತೆ ಮಂಡಿಯನ್ನು ತುಸು ಹೆಚ್ಚೇ ಎತ್ತುತ್ತಾನೆ, ಊರಿದ ಹೆಜ್ಜೆಯ ಮೇಲೆ ಒಂದು ಕ್ಷಣ ಭಾರ ಬಿಟ್ಟು ಪರೀಕ್ಷಿಸುತ್ತಾನೆ, ಆಮೇಲಷ್ಟೇ ಇನ್ನೊಂದು ಹೆಜ್ಜೆ. ಕೈಗೆ ಸಿಕ್ಕ ಯಾವ ಸರಳನ್ನೂ ಚಿಲಕವನ್ನೂ ಹಗ್ಗವನ್ನೂ ಎರಡು ಸಲ ಜಗ್ಗಿ ನೋಡದೆ ನಂಬುವುದಿಲ್ಲ. ನನ್ನ ಮೊಮ್ಮಗಳ ನಾಮಕರಣಕ್ಕೆ ಬಂದವನು ಮಗುವಿನ ಮುಖ ನೋಡುವ ಮೊದಲು ತೊಟ್ಟಿಲಿನ ಹಗ್ಗ ಜಗ್ಗಿ, “ಇದು ಸವೆದೈತೆ, ಬದ್ಲಿಸ್ರಿ ಸಾರ್!” ಎಂದು ಗದರಿದಾಗ ನೆರೆದ ಹೆಂಗಸರೆಲ್ಲ ಬೆಚ್ಚಿಬಿದ್ದರು. ಮೈಮೇಲೆ ಬೇಸಿಗೆಯಲ್ಲೂ ಕಳಚದ ಒಂದು ಕಂದು ಕ್ಯಾನ್ವಾಸ್ ಜಾಕೀಟು. ಅದರ ಎಡಜೇಬು ಎಲ್ಲೋ ಕಬ್ಬಿಣಕ್ಕೆ ಸಿಕ್ಕಿ ಹರಿದಿತ್ತು. ಆ ಹರಕಿನ ಮೇಲೆ ಅಂಗೈಯಗಲದ ಕೆಂಪು ಹೂವೊಂದನ್ನು ಯಾರೋ ರೇಷ್ಮೆದಾರದಲ್ಲಿ ಕಸೂತಿ ಹಾಕಿ ಮುಚ್ಚಿದ್ದಾರೆ. ಗಂಡಸಿನ ಎದೆಯ ಮೇಲೆ ಹೂವೇ ಎಂದು ನಗುವವರು ನಗುತ್ತಾರೆ. ಅವನ ಎದುರಿಗಲ್ಲ, ಅವನು ತಿರುವು ದಾಟಿದ ಮೇಲೆ.

ಯಲ್ಲದಕೆರೆ ಕಡೆಯ ಹಟ್ಟಿಯಿಂದ ಬಂದ ಈ ಹುಡುಗ ಪಿಯುಸಿಯಲ್ಲಿ ನನ್ನ ಕನ್ನಡ ತರಗತಿಯ ಕೊನೆಯ ಬೆಂಚಿನವನು. ಆಮೇಲೆ ಚಿತ್ರದುರ್ಗದಲ್ಲಿ ಐಟಿಐ ಓದಿದ. ಅಲ್ಲಿ ಅವನಿಗೆ ಜೊತೆಯಾದವನು ಜುಬೇರ್. ಕೋಟೆಯ ಕೆಳಗಿನ ಹಳೇ ಪೇಟೆಯಲ್ಲಿ ತಗಡಿನ ಟ್ರಂಕು ಮಾಡುವ ತಾಜುದ್ದೀನರ ಒಬ್ಬನೇ ಮಗ. ಇಬ್ಬರೂ ಒಂದೇ ದಿನ ಒಂದೇ ಕಂಪನಿಗೆ ಸೇರಿದರು, ಗಾಳಿಯಂತ್ರದ ಒಂದೇ ಕಂಬ ಹತ್ತುತ್ತ ಹನ್ನೊಂದು ವರ್ಷ ಕಳೆದರು. ಒಂದು ಜನವರಿಯ ಬೆಳಿಗ್ಗೆ ಕಂಬದ ಒಳಗಿನ ಏಣಿಯಿಂದ, ನಲವತ್ತು ಮೀಟರ್ ಎತ್ತರದಿಂದ, ಜುಬೇರ್ ಬಿದ್ದು ಸತ್ತ. ಸುರಕ್ಷತೆಯ ಬೆಲ್ಟ್ ಕಟ್ಟಿಕೊಳ್ಳದೆ ಹತ್ತಿದ್ದನಂತೆ ಎಂದು ಕಂಪನಿ ಹೇಳಿತು, ಪತ್ರಿಕೆಗಳು ಹೇಳಿದವು, ನಾವೂ ಹೇಳಿದೆವು. ಪ್ರತ್ಯಕ್ಷದರ್ಶಿ ಎಂದು ಸಹಿ ಹಾಕಿದವನು ಜುಂಜೇಶ. ಎರಡು ತಿಂಗಳಿಗೆ ಅವನನ್ನು ಮೆಕ್ಸಿಕೋದ ಗಾಳಿಯಂತ್ರಗಳ ಕೆಲಸಕ್ಕೆ ಕಳುಹಿಸುವ ಕಂಪನಿಯ ಆದೇಶ ಬಂತು. ಗೆಳೆಯನನ್ನು ಕಳೆದುಕೊಂಡ ಹುಡುಗನಿಗೆ ಸ್ಥಳ ಬದಲಾವಣೆ ಒಳ್ಳೆಯದೇ ಆಯಿತೆಂದು ನಾನು ಕೂಡ ಹಾರೈಸಿ ಕಳುಹಿಸಿದೆ.

ಅವನು ಮರಳಿದ ಸುದ್ದಿ ತಿಳಿದಾಗ ನಮ್ಮ ಕಾಲೇಜಿನಲ್ಲಿ ಒಂದು ಉಪನ್ಯಾಸ ಇಡಿಸಿದವನೂ ನಾನೇ. ‘ಮೆಕ್ಸಿಕನ್ ಸಂಸ್ಕೃತಿಯಲ್ಲಿ ಒಂದು ವರ್ಷ’ ಎಂದು ಬ್ಯಾನರು ಬರೆಸಿದ್ದೆ. ಪ್ರಾಂಶುಪಾಲ ಮುರುಗೇಶಪ್ಪನವರು ಶಾಲು ಹೊದಿಸಿದರು. ಮೈಕ್ ಬೇಡವೆಂದು ಬದಿಗೆ ಸರಿಸಿ ಜುಂಜೇಶ ನಿಂತ.

ಮೊದಲ ಕಾಲು ಗಂಟೆ ನಾನು ಬಯಸಿದ್ದೆಲ್ಲ ಸಿಕ್ಕಿತು. ಎರಡು ಸಮುದ್ರಗಳ ನಡುವೆ ಸೊಂಟದಂತೆ ಕಿರಿದಾದ ಓಹಾಕಾ ಸೀಮೆಯ ಆ ನೆಲದಲ್ಲಿ ಲಾರಿಗಳನ್ನು ಮಗುಚಿಹಾಕುವ ಗಾಳಿ ಬೀಸುತ್ತದೆಂದೂ, ಅಲ್ಲಿನ ಹೆಂಗಸರು ಸಂತೆಯನ್ನು ಸಂಪೂರ್ಣ ತಮ್ಮ ಕೈಯಲ್ಲಿಟ್ಟುಕೊಂಡಿದ್ದಾರೆಂದೂ, ಮೆಕ್ಕೆಜೋಳದ ಹಿಟ್ಟನ್ನು ತಟ್ಟಿ ಮಣ್ಣಿನ ಒಲೆಯ ಒಳಗೋಡೆಗೆ ಅಂಟಿಸಿ ಗರಿಗರಿ ಸುಡುತ್ತಾರೆಂದೂ ಹೇಳಿದ. “ಪಾಪಾಸುಕಳ್ಳಿ ಐತಲ್ಲ, ನಮ್ಮ ದುರ್ಗದ ಕಲ್ಲುಗುಡ್ಡದಾಗೆ ಯಾರೂ ಮುಟ್ಟಲ್ವಲ್ಲ, ಅದರ ಮುಳ್ಳು ಹೆರೆದು ಪಲ್ಯ ಮಾಡ್ತಾರೆ. ಅದು ಅವರ ಕಡೆಯಿಂದ್ಲೇ ನಮ್ಮ ಕಡೆ ಬಂದಿದ್ದಂತೆ. ಮೆಣಸಿನಕಾಯಿನೂ ಅವರದ್ದೇ. ಚೆಂಡುಹೂನೂ ಅವರದ್ದೇ,” ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಚೆಂಡುಹೂವಿನ ಮಾತು ಬಂದಲ್ಲಿಂದ ಅವನ ಮುಖ ಬೇರೆಯಾಯಿತು. ಅವನು ಬಾಡಿಗೆಗಿದ್ದ ಮನೆಯ ಯಜಮಾನಿ ಫ್ಲೋರಿಂದಾ ಎಂಬ ಎಪ್ಪತ್ತು ದಾಟಿದ ಮುದುಕಿ. ಸಂತೆಯಲ್ಲಿ ಒಣಸಿಗಡಿ ಮಾರುವವಳು. ಅವನ ಜಾಕೀಟಿನ ಹರಕಿಗೆ ಹೂವು ಹಾಕಿದವಳು. ಅಕ್ಟೋಬರ್ ಕೊನೆಯಲ್ಲಿ ಆ ಊರಿನ ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುತ್ತಾರೆ. ಪಟಗಳ ಸುತ್ತ ಚೆಂಡುಹೂವಿನ ರಾಶಿ, ಹಣ್ಣು, ರೊಟ್ಟಿ, ಮೇಣದ ಬತ್ತಿ. ನಿನ್ನ ಕಡೆ ಯಾರಾದರೂ ಸತ್ತಿದ್ದಾರೆಯೇ, ಅವರಿಗೇನು ಇಷ್ಟ, ಎಂದು ಮುದುಕಿ ಕೇಳಿದಳಂತೆ. ಇವನು ಫೋನಿನಲ್ಲಿದ್ದ ಜುಬೇರನ ಚಿತ್ರವನ್ನು ಕಾಗದದ ಮೇಲೆ ಹಾಕಿಸಿ ತಂದು, ಮೆಣಸಿನಕಾಯಿ ಬೋಂಡ ತಾನೇ ಕರಿದು, ಮಂಡಕ್ಕಿ ಸಿಗದೆ ಬರೀ ಬೋಂಡವನ್ನೇ ತಟ್ಟೆಯಲ್ಲಿ ಆ ಪಟದ ಮುಂದಿಟ್ಟ.

“ಹೆಂಗೆ ಸತ್ತ ಅಂತ ಕೇಳಿದ್ಲು. ನಮ್ಮ ಕಡೆಯೋರಿಗಾದ್ರೆ ಏನೇನೋ ಹೇಳ್ತಿದ್ದೆ. ನಂಗೆ ಅವರ ಭಾಷೆ ಬರ್ತಿದ್ದಿದ್ದು ಹೆಚ್ಚಂದ್ರೆ ಇನ್ನೂರು ಮಾತು. ಸುಳ್ಳು ಹೇಳೋಕೆ ಅಷ್ಟು ಮಾತು ಸಾಲಲ್ಲ.”

ಜುಂಜೇಶ ಆ ಮುದುಕಿಗೆ ಹೇಳಿದ್ದನ್ನು ಅದೇ ಮುರುಕು ಕ್ರಮದಲ್ಲಿ, ಕನ್ನಡದಲ್ಲಿ ಹೇಳಿದ: “ಕೊಂಡಿ ಹಳೇದು. ನಂಗೆ ಗೊತ್ತು. ಜುಬೇರ್ ಬೆಲ್ಟ್ ಕಟ್ಟಿದ್ದ. ಕೊಂಡಿ ಜಾರ್ತು. ಅವನು ಬಿದ್ದ. ಬೆಲ್ಟ್ ನಾನು ಬಿಚ್ಚಿದೆ. ಕಾಗದ. ಸಹಿ.”

ಬೆಲ್ಟನ್ನು ಏಣಿಯ ಉದ್ದಕ್ಕೂ ಬಿಗಿದ ಉಕ್ಕಿನ ಹಗ್ಗಕ್ಕೆ ಕಚ್ಚಿಸುವ ಕೊಂಡಿ ಜಾರುತ್ತಿದೆ ಎಂದು ಜುಬೇರ್ ಸತ್ತ ದಿನಕ್ಕೆ ಮೂರು ವಾರ ಮೊದಲೇ ಜುಂಜೇಶ ರಿಜಿಸ್ಟರಿನಲ್ಲಿ ಬರೆದಿದ್ದನಂತೆ. ಹೊಸದು ಬರುವವರೆಗೆ ಇದರಲ್ಲೇ ನಡೆಸಿರಿ ಎಂದಿದ್ದ ಸೈಟಿನ ಇಂಜಿನಿಯರ್ ರಾಜಕುಮಾರ್, ಜುಬೇರ್ ಬಿದ್ದ ಹತ್ತು ನಿಮಿಷಕ್ಕೆ ಓಡಿಬಂದು, ಬೆಲ್ಟ್ ಬಿಚ್ಚಲು ಹೇಳಿದ. ಇವನು ಬಿಚ್ಚಿದ.

ನಾನು ಅಲ್ಲಿ ಮಾಡಿದ್ದನ್ನು ಬರೆಯದೆ ಬಿಟ್ಟರೆ ಈ ವ್ಯಕ್ತಿಚಿತ್ರ ಅಪ್ರಾಮಾಣಿಕವಾಗುತ್ತದೆ. ವೇದಿಕೆಯ ಮೇಲಿದ್ದ ನಾನು ಬಗ್ಗಿ ಅವನ ಜಾಕೀಟಿನ ಅಂಚು ಹಿಡಿದು, “ಜುಂಜೇಶ, ಸಂಸ್ಕೃತಿ ವಿಷಯಕ್ಕೆ ಬಾರಪ್ಪ,” ಎಂದೆ. ಅವನು ನನ್ನತ್ತ ತಿರುಗಿದ. “ಇದೇ ಸಾರ್ ಸಂಸ್ಕೃತಿ,” ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಮುದುಕಿ ಸಮಾಧಾನ ಹೇಳಲಿಲ್ಲವಂತೆ. ಸಿಟ್ಟಾದಳಂತೆ. ಎದ್ದುಹೋಗಿ ಪಟವನ್ನು ಎಡೆಯಿಂದ ತೆಗೆದು ಅವನ ಕೈಗೆ ಕೊಟ್ಟು, ಇವನು ಇಲ್ಲಿಗೆ ಬರುವುದಿಲ್ಲ, ಇವನು ತನ್ನ ತಾಯಿಯ ಮನೆಗೆ ಹೋಗಿರುತ್ತಾನೆ, ಅಲ್ಲಿ ತಾಯಿ ಇವನನ್ನು ತಿಳಿಗೇಡಿ ಎಂದುಕೊಂಡು ಕೂತಿದ್ದಾಳೆ, ಎಂದಳಂತೆ. ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಬಡಿಸಿದಳು, ಆದರೆ ಇವನು ಊರಿಗೆ ಹೊರಡುವ ಏಪ್ರಿಲ್‌ವರೆಗೂ ವಾರಕ್ಕೊಮ್ಮೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಹೇಳಿದೆಯಾ? ಆ ಚಳಿಗಾಲದಲ್ಲಿ ಅದೇ ಊರಿನ ಜನ ಗಾಳಿಯಂತ್ರಗಳಿಗೆ ತಮ್ಮ ಸಮುದಾಯದ ನೆಲ ಕೊಡುವುದಿಲ್ಲವೆಂದು ಸಭೆ ಸೇರಿ, ಕಂಪನಿಯ ದೊಡ್ಡವರನ್ನು ಬಿಸಿಲಲ್ಲಿ ಮೂರು ತಾಸು ನಿಲ್ಲಿಸಿ ಬೈದರು. ಫ್ಲೋರಿಂದಾ ಮುಂದಿನ ಸಾಲಿನಲ್ಲಿ ಬೈಯುತ್ತಿದ್ದಳು. ಜುಂಜೇಶ ಕಂಪನಿಯ ಟೋಪಿ ಹಾಕಿಕೊಂಡು ಬೈಸಿಕೊಳ್ಳುವವರ ಸಾಲಿನಲ್ಲಿ ನಿಂತಿದ್ದ. “ನನ್ನೂ ಬೈದ್ಲು. ನನ್ನ ಹೆಸರು ಹಿಡಿದೇ ಬೈದ್ಲು. ಸಾಯಂಕಾಲ ಮನೆಗೆ ಹೋದ್ರೆ ಊಟಕ್ಕೆ ಕರೆದ್ಲು,” ಎಂದು ಹೇಳಿ ಅವನು ಮುಗಿಸಿದ.

ಪ್ರಶ್ನೆಗಳಿದ್ದರೆ ಕೇಳಿ ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಆದರೂ ದ್ವಿತೀಯ ವರ್ಷದ ಮೇಘಶ್ರೀ ಎಂಬ ಹುಡುಗಿ ಎದ್ದು ನಿಂತಳು. “ಸಾರ್, ನೀವು ಬಂದು ಎಷ್ಟು ದಿನ ಆಯ್ತು?”

“ಹನ್ನೆರಡು.”

“ಜುಬೇರ್ ಅವರ ಮನೆಗೆ ಹೋಗಿ ಹೇಳಿದ್ರಾ?”

ಜುಂಜೇಶ ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟು ಇಳಿದುಹೋದ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ಬಂದು, “ದುರ್ಗಕ್ಕೆ ಹೋಗಾಣ ಬರ್ರಿ ಸಾರ್. ಒಬ್ಬನೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬರ್ತೀನಿ,” ಎಂದ. ಹಳೇ ಪೇಟೆಯ ಓಣಿ ಹೊಕ್ಕಾಗ ತಗಡಿನ ಮೇಲೆ ಬೀಳುವ ಮರದ ಸುತ್ತಿಗೆಯ ಸದ್ದು ಮೊದಲು ಕೇಳಿತು, ಆಮೇಲೆ ತಾಜುದ್ದೀನರು ಕಂಡರು. ತೆಳ್ಳಗಿನ ಮನುಷ್ಯ; ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ. ಮಗ ಸತ್ತ ಈ ಒಂದು ವರ್ಷ ಮೂರು ತಿಂಗಳಲ್ಲಿ ಅವರು ಹೆಂಡತಿಯೊಡನೆ ಸರಿಯಾಗಿ ಮಾತಾಡಿರಲಿಲ್ಲ ಎಂಬುದು ನಮಗೆ ಆಮೇಲೆ ಮಗಳು ಫರ್ಹಾನಾಳಿಂದ ತಿಳಿಯಿತು. ತನ್ನ ಮಗ ಬೆಲ್ಟಿಲ್ಲದೆ ಹತ್ತುವವನಲ್ಲ ಎಂದು ತಾಯಿ ಪ್ಯಾರಿ ಬೀ ಮೊದಲ ದಿನದಿಂದಲೂ ಹಟ ಹಿಡಿದಿದ್ದರು. ಜೊತೆಗಾರನೇ ಸಹಿ ಹಾಕಿದ್ದಾನೆ, ಸತ್ತವನ ತಪ್ಪನ್ನು ಒಪ್ಪಿಕೋ, ಎಂದು ಗಂಡ ಗದರಿಸುತ್ತ ಬಂದಿದ್ದರು.

ಜುಂಜೇಶನನ್ನು ಕಂಡು ಅವರು ಸುತ್ತಿಗೆ ಇಳಿಸಿದರು. “ಆವೋ ಬೇಟಾ. ಬರ್ರಿ, ಕುಂತ್ಕಳ್ರಿ. ಪರದೇಶದಿಂದ ಬಂದೀಯಂತೆ.”

ಅವನು ಕೂರಲಿಲ್ಲ. ಕೊಂಡಿಯಿಂದ ಹಿಡಿದು ಮೆಕ್ಸಿಕೋದ ಮುದುಕಿ ಕೇಳುತ್ತಿದ್ದ ಪ್ರಶ್ನೆಯವರೆಗೆ ಎಲ್ಲವನ್ನೂ ನಿಂತಲ್ಲಿಂದಲೇ ಹೇಳಿದ, ಆ ದೊಡ್ಡ ಧ್ವನಿಯಲ್ಲೇ ಹೇಳಿದ, ಅವನಿಗೆ ಬೇರೆ ಧ್ವನಿ ಇಲ್ಲವಲ್ಲ. ಅಂಗಡಿಯ ಹಿಂದಿನ ಪರದೆಯ ಆಚೆ ಮನೆ. ಓಣಿಯ ಐದಾರು ಅಂಗಡಿಗಳಿಗೂ ಕೇಳಿಸಿತು. ತಾಜುದ್ದೀನರು ಮೊದಲು ಅರ್ಥವಾಗದವರಂತೆ ತಲೆಯಾಡಿಸಿದರು, ಅರ್ಥವಾದ ಮೇಲೆ ಮಾಡುತ್ತಿದ್ದ ಟ್ರಂಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಮಡಚಲು ನೋಡಿದರು. ಅದು ಮಡಚಲಿಲ್ಲ. ಅಂಚು ಕೊಯ್ದು ಅಂಗೈಯಿಂದ ರಕ್ತ ಬಂತು. “ನಾನು ಅವನಿಗೆ ಬೈದೆ,” ಎಂದರು, ನಮ್ಮಿಬ್ಬರಲ್ಲಿ ಯಾರಿಗೆಂದು ತಿಳಿಯಲಿಲ್ಲ. “ಕಬರಸ್ತಾನದಾಗೆ ನಿಂತು ಬೈದೆ. ಬೇವಕೂಫ್ ಅಂದೆ.”

ಪರದೆ ಸರಿಸಿ ಪ್ಯಾರಿ ಬೀ ಬಂದರು. ಅಳುತ್ತಾರೆಂದುಕೊಂಡೆ, ಹೊಡೆಯುತ್ತಾರೆಂದುಕೊಂಡೆ. ಅವರು ಗಂಡನತ್ತ ನೋಡಲೂ ಇಲ್ಲ. ಜುಂಜೇಶನ ಎದುರು ನಿಂತು ಒಂದೇ ಮಾತು ಕೇಳಿದರು.

“ನೀನು ಬೆಲ್ಟ್ ಬಿಚ್ಚುವಾಗ ನನ್ನ ಮಗನಿಗೆ ಜೀವ ಇತ್ತಾ?”

ಜುಂಜೇಶ ಅಂಗಡಿಯ ಬಾಗಿಲ ಚಿಲಕ ಹಿಡಿದ, ಎರಡು ಸಲ ಜಗ್ಗಿದ. ಆಮೇಲೆ, “ಗೊತ್ತಿಲ್ಲಮ್ಮ. ನೋಡ್ಲಿಲ್ಲ. ಮುಖ ನೋಡ್ಲಿಲ್ಲ,” ಎಂದ.

“ಎಲ್ಲೆಲ್ಲಿ ಸುಳ್ಳು ಬರ್ದು ಕೊಟ್ಟೀಯೋ, ಅಲ್ಲೆಲ್ಲ ಹೋಗಿ ಖರೇ ಬರ್ದು ಬಾ,” ಎಂದರು ಪ್ಯಾರಿ ಬೀ. “ಅಲ್ಲೀತನಕ ಈ ಓಣಿಗೆ ಕಾಲಿಡಬ್ಯಾಡ.”

ಅಂದಿನಿಂದ ಅವನು ಹತ್ತಿದ ಮೆಟ್ಟಿಲುಗಳು ಹನ್ನೊಂದು ವರ್ಷದಲ್ಲಿ ಹತ್ತಿದ ಏಣಿಗಳಿಗಿಂತ ಹೆಚ್ಚಿರಬೇಕು. ಪೊಲೀಸ್ ಠಾಣೆಗೆ ಮೊದಲ ಅರ್ಜಿ ಬರೆದುಕೊಟ್ಟವನು ನಾನು. ಮೂವತ್ತು ವರ್ಷ ಕನ್ನಡ ಕಲಿಸಿದ ಹೆಮ್ಮೆಯಿಂದ, ‘ಅಚಾತುರ್ಯದಿಂದ ಸಂಭವಿಸಿದ ಸದರಿ ದುರ್ಘಟನೆಯ ನಂತರ ಮೃತರ ಬೆಲ್ಟ್ ತೆಗೆಯಲ್ಪಟ್ಟಿತು’ ಎಂದು ಬರೆದಿದ್ದೆ. ಅವನು ಬೆರಳಿಟ್ಟು ಓದಿದ, ಮತ್ತೆ ಓದಿದ, ಅವನ ಕುತ್ತಿಗೆಯ ನರ ಎದ್ದಿತು.

“ಯಾರ ಅಚಾತುರ್ಯ ಸಾರ್?”

“ಹಾಗೆ ಬರೆಯೋದು ಪದ್ಧತಿ ಕಣೋ.”

“ತೆಗೆಯಲ್ಪಟ್ಟಿತು ಅಂದ್ರೆ? ತಾನಾಗೇ ಬಿಚ್ಕಂಡು ಹೋಯ್ತಾ? ನಾನು ಬಿಚ್ಚಿದೆ ಅಂತ ಬರೀರಿ. ಬಿಚ್ಚು ಅಂದೋನ ಹೆಸರು ಬರೀರಿ. ಆ ಕಂಪನಿ ಕಾಗದದಾಗೂ ಹಿಂಗೇ ಬರೆದಿದ್ರು, ಯಾರೂ ಏನೂ ಮಾಡೇ ಇಲ್ಲ ಅನ್ನಂಗೆ!”

ನನಗೆ ಅವಮಾನವಾಯಿತು. ಆಮೇಲೆ, ತಡವಾಗಿ, ನನ್ನ ಮೇಲೆಯೇ ಕೋಪ ಬಂತು. ಕೊಂದವನೂ ಬಚ್ಚಿಟ್ಟವನೂ ಕಾಣದಂತೆ ಕ್ರಿಯಾಪದವನ್ನು ತಿರುಚುವ ವಿದ್ಯೆಯನ್ನು ನಾನು ಎಷ್ಟು ತಲೆಮಾರಿಗೆ ಪ್ರೌಢಭಾಷೆಯೆಂದು ಕಲಿಸಿದ್ದೇನೆ! ಅರ್ಜಿಯನ್ನು ಅವನೇ ಬರೆದ. ಹನ್ನೊಂದು ವಾಕ್ಯ. ಕಾಗುಣಿತದ ತಪ್ಪು ಏಳು. ನಾನು ತಿದ್ದಲಿಲ್ಲ.

ಠಾಣೆಯ ಅಧಿಕಾರಿ ಓದಿ ಕಾಗದವನ್ನು ಮೇಜಿನ ಮೇಲಿಟ್ಟರು. “ಏನಪ್ಪ, ಇದನ್ನ ನಾನು ತಗಂಡ್ರೆ ಮೊದಲ ಕೇಸು ನಿನ್ನ ಮೇಲೇ ಆಗ್ತೈತೆ. ಸುಳ್ಳು ಸಾಕ್ಷಿ, ಸಾಕ್ಷ್ಯ ನಾಶ. ಯೋಚ್ನೆ ಮಾಡು.”

“ಆಗ್ಲಿ, ಬರ್ಕಳ್ರಿ,” ಎಂದ ಜುಂಜೇಶ, ಹೊರಗೆ ಮರದ ಕೆಳಗೆ ಕೂತವರಿಗೂ ಕೇಳುವಂತೆ.

ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಮಾನಸಿಕ ಸ್ಥಿತಿ ಸರಿಯಿಲ್ಲವೆಂದು ವಕೀಲರಿಂದ ಪತ್ರ ಬರೆಸಿತು. ಕೊಂಡಿಯ ಬಗ್ಗೆ ಅವನು ಬರೆದಿದ್ದ ರಿಜಿಸ್ಟರಿನ ಹಾಳೆ ಅಲ್ಲಿರಲಿಲ್ಲ. ಊರಿನವರು, ಅವನಿಗೆ ಶಾಲು ಹೊದಿಸಿದ ಅದೇ ಜನ, ಹೋಗಲಿ ಬಿಡು, ಸತ್ತವನು ಎದ್ದು ಬರುತ್ತಾನೆಯೇ, ಇಷ್ಟು ಚೆನ್ನಾಗಿ ಪರದೇಶ ನೋಡಿ ಬಂದವನಿಗೆ ಇದೆಲ್ಲ ಯಾಕೆ, ಎಂದು ಬುದ್ಧಿ ಹೇಳಿದರು. ಹೇಳಿದವರ ಮುಖದ ಮೇಲೇ ಅವನು ಸಿಡಿದುಬಿದ್ದ. ಮಾತು ಬಿಟ್ಟವರ ಪಟ್ಟಿ ಬೆಳೆಯಿತು. ಅಣ್ಣ ಮಲ್ಲೇಶ್ ಕೂಡ ಮನೆಗೆ ಬರಬೇಡವೆಂದ. ಆದರೆ ಅದೇ ಸೈಟಿನಲ್ಲಿ ಕೆಲಸ ಮಾಡುತ್ತಿದ್ದ ಯೋಗೇಶ್ ಎಂಬ ತಂತ್ರಜ್ಞ ಅರ್ಜಿ ಕೊಟ್ಟ ಎಂಟನೆಯ ತಿಂಗಳಲ್ಲಿ ತಾನಾಗಿ ಬಂದ. ರಿಜಿಸ್ಟರಿನ ಆ ಹಾಳೆಯ ಫೋಟೊ ಅವನ ಫೋನಿನಲ್ಲಿತ್ತು. ಎರಡು ವರ್ಷದಿಂದ ಇತ್ತು. “ನೀನು ಕೂಗಾಡ್ತಿದ್ದಿದ್ದು ಕೇಳಿ ಕೇಳಿ ನಿದ್ದೆ ಬರ್ಲಿಲ್ಲ ಮಾರಾಯ,” ಎಂದನಂತೆ.

ಎರಡನೆಯ ತನಿಖೆಯ ವರದಿ ಕಳೆದ ಆಷಾಢದಲ್ಲಿ ಬಂತು. ಮೃತನು ಬೆಲ್ಟ್ ಧರಿಸಿದ್ದನು, ಕೊಂಡಿ ದೋಷಪೂರಿತವಾಗಿತ್ತು, ದೋಷವು ಮೊದಲೇ ತಿಳಿದಿತ್ತು ಎಂದು ಅದರಲ್ಲಿದೆ. ರಾಜಕುಮಾರನ ಮೇಲೂ ಜುಂಜೇಶನ ಮೇಲೂ ಮೊಕದ್ದಮೆ ನಡೆಯುತ್ತಿದೆ. ಒಬ್ಬನಿಗೆ ಬೇರೆ ರಾಜ್ಯದಲ್ಲಿ ಹೊಸ ಹುದ್ದೆ ಸಿಕ್ಕಿದೆ, ಇನ್ನೊಬ್ಬ ಮೋಟಾರು ರಿಪೇರಿ ಮಾಡಿಕೊಂಡು ನಮ್ಮೂರಲ್ಲೇ ಇದ್ದಾನೆ.

ವರದಿಯ ಪ್ರತಿ ಹಿಡಿದು ಅವನು ಆ ಓಣಿಗೆ ಹೋದಾಗ ನಾನೂ ಜೊತೆಗಿದ್ದೆ. ಫರ್ಹಾನಾ ಓದಿದಳು. ಪ್ಯಾರಿ ಬೀ ಗಂಡನ ಪಕ್ಕದಲ್ಲಿ ಕೂತು ಕೇಳಿದರು. ‘ಬೆಲ್ಟ್ ಧರಿಸಿದ್ದನು’ ಎಂಬಲ್ಲಿ ಮಗಳನ್ನು ತಡೆದು ಇನ್ನೊಮ್ಮೆ ಓದಿಸಿದರು, ಮತ್ತೂ ಒಮ್ಮೆ. ತಾಜುದ್ದೀನರು ಹೆಂಡತಿಯ ಕೈ ಹಿಡಿದುಕೊಂಡರು. ಜುಂಜೇಶನಿಗೆ ಟೀ ಕೊಟ್ಟರು. ಕ್ಷಮಿಸಿದೆವು ಎಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಹೊರಡುವಾಗ ಪ್ಯಾರಿ ಬೀ, “ಆ ಮುದುಕಿಗೆ ಫೋನ್ ಮಾಡಿ ಹೇಳು,” ಎಂದರು.

ಇಂಥವರ ಜೊತೆ ಬಾಳುವುದು ಸುಲಭವಲ್ಲ. ಅವರು ಮದುವೆಮನೆಯಲ್ಲಿ ಮುಜುಗರ ತರುತ್ತಾರೆ, ಸನ್ಮಾನದ ಸಭೆಯನ್ನು ಕೆಡಿಸುತ್ತಾರೆ, ನಾವು ನಯವಾಗಿ ಮುಚ್ಚಿಟ್ಟದ್ದನ್ನು ಎಳೆದು ಬಿಸಿಲಿಗೆ ಹಾಕುತ್ತಾರೆ. ನಮ್ಮ ನಡುವೆ ಸಿಟ್ಟಿನವರಿಗೇನೂ ಬರವಿಲ್ಲ. ಸಂಜೆಯ ಹೋಟೆಲಿನ ಬೆಂಚುಗಳೆಲ್ಲ ಅವರಿಂದಲೇ ತುಂಬಿರುತ್ತವೆ, ಎಲ್ಲರ ಸಿಟ್ಟೂ ಇನ್ನೊಬ್ಬನ ಬಾಗಿಲಿಗೇ ಹೋಗುತ್ತದೆ, ಎದ್ದು ಮನೆಗೆ ಹೋಗುವ ಹೊತ್ತಿಗೆ ಆರಿಯೂ ಹೋಗಿರುತ್ತದೆ. ಆದರೆ ಕೆಲವರು ಆರೋಪಪಟ್ಟಿಯ ಮೊದಲ ಸಾಲಿನಲ್ಲಿ ತಮ್ಮ ಹೆಸರನ್ನೇ ಬರೆದು, ಅದರ ಕೆಳಗೆ ಮಾತ್ರ ಇತರರ ಹೆಸರು ಬರೆಯುತ್ತಾರೆ. ಅವರ ಸಿಟ್ಟಿಗೆ ಅಧಿಕಾರ ಹೆದರುತ್ತದೆ. ಅವರು ಒಳ್ಳೆಯವರೆಂದು ಹೆದರುವುದಲ್ಲ, ಅವರು ಮೊದಲು ಮಾಡಿದ ತಪ್ಪನ್ನು ನಾನು ಇಂದಿಗೂ ಒಪ್ಪಲಾರೆ; ಹೆದರಿಕೆಯ ಕಾರಣ ಬೇರೆ. ತಮ್ಮ ಅತಿ ಕೆಟ್ಟ ಕೆಲಸವನ್ನು ತಾವೇ ಬಾಯಿಬಿಟ್ಟು ಊರಿಗೆ ಹೇಳಿಕೊಂಡವರನ್ನು ಸುಮ್ಮನಾಗಿಸಲು ಯಾರ ಬಳಿಯೂ ಏನೂ ಉಳಿದಿರುವುದಿಲ್ಲ.